ಸಾಫ್ಟ್‌ವೇರ್ ಕೆಲಸ ಹುಡುಕುವವರಿಗೆ ಎಂ.ಟೆಕ್., ಎಂ.ಎಸ್., ಪಿಎಚ್.ಡಿ. ನಿಜವಾಗಿಯೂ ನೆರವಾಗುತ್ತವೆಯೇ?

ತುಂಗಾತೀರ (ಚರ್ಚೆ ಆರಂಭಿಸಿದವರು)

ವಿಟಿಯುಗೆ ಸೇರಿದ ಕಾಲೇಜೊಂದರಲ್ಲಿ ಕಂಪ್ಯೂಟರ್ ಸೈನ್ಸ್ ಬಿ.ಇ. ಮುಗಿಸಿ, ಬೇರೆ ಕಂಪನಿಗಳ ಸಾಫ್ಟ್‌ವೇರ್ ಕೆಲಸ ಮಾಡಿಕೊಡುವ ಬೆಂಗಳೂರಿನ ಸರ್ವಿಸ್ ಕಂಪನಿಯೊಂದರಲ್ಲಿ ಮೂರು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಹೊರದೇಶದ ಬ್ಯಾಂಕೊಂದರ ಹಳೆಯ ಜಾವಾ ತಂತ್ರಾಂಶವನ್ನು ನೋಡಿಕೊಳ್ಳುವುದು, ಬಂದ ಟಿಕೆಟ್‌ಗಳನ್ನು, ಅಂದರೆ ದೂರುಗಳನ್ನು, ಮುಗಿಸುವುದು, ರಿಲೀಸ್ ಇರುವ ದಿನ ರಾತ್ರಿಯಿಡೀ ಎದ್ದಿರುವುದು, ಇಷ್ಟೇ ನನ್ನ ಕೆಲಸ. ಸಂಬಳ ವರ್ಷಕ್ಕೆ 6 ಲಕ್ಷ. ತಮ್ಮದೇ ಸಾಫ್ಟ್‌ವೇರ್ ತಯಾರಿಸುವ ಪ್ರಾಡಕ್ಟ್ ಕಂಪನಿಗಳಿಗೆ ಅರ್ಜಿ ಹಾಕಿದರೆ ಸಂದರ್ಶನದ ಕರೆಯೇ ಬರುವುದಿಲ್ಲ.

ಸೋದರಮಾವ ಎಂ.ಟೆಕ್. ಮಾಡು ಎನ್ನುತ್ತಾರೆ, ಟೀಮ್ ಲೀಡ್ ಅದರಷ್ಟು ದಂಡದ ಕೆಲಸ ಇನ್ನೊಂದಿಲ್ಲ ಎನ್ನುತ್ತಾರೆ. ಎಂ.ಟೆಕ್. ಪ್ರವೇಶಕ್ಕಿರುವ ಗೇಟ್ ಪರೀಕ್ಷೆ ಬರೆದು ಐಐಎಸ್ಸಿ ಅಥವಾ ಐಐಟಿಗೆ ಪ್ರಯತ್ನಿಸುವುದು, ಸಾಲ ಮಾಡಿ ವಿದೇಶದಲ್ಲಿ ಎಂ.ಎಸ್. ಮಾಡುವುದು, ಕೆಲಸ ಬಿಡದೆ ವಾರಾಂತ್ಯದ ಎಂ.ಟೆಕ್. ಸೇರುವುದು ಎಂಬ ಮೂರು ದಾರಿಗಳು ನನಗೆ ಕಾಣಿಸುತ್ತಿವೆ. ಓದುವುದರಿಂದ ಜ್ಞಾನ ಹೆಚ್ಚುತ್ತದೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ನಾನು ಕೇಳುತ್ತಿರುವುದು, ಕೆಲಸ ಕೊಡುವವರು ಆ ಪದವಿಗೆ ಬೆಲೆ ಕೊಡುತ್ತಾರೆಯೇ, ಕೊಟ್ಟರೆ ಯಾವ ಹಂತದಲ್ಲಿ ಕೊಡುತ್ತಾರೆ ಎಂಬುದನ್ನು ಮಾತ್ರ. ಒಳಗಿನಿಂದ ಬಲ್ಲವರು ದಯವಿಟ್ಟು ತಿಳಿಸಬೇಕು.

ಸಂದರ್ಶಕ

ಪ್ರಾಡಕ್ಟ್ ಕಂಪನಿಯೊಂದರಲ್ಲಿ ಹಲವು ವರ್ಷಗಳಿಂದ ಬ್ಯಾಕೆಂಡ್ (ಬಳಕೆದಾರರಿಗೆ ಕಾಣದ ಸರ್ವರ್ ಕಡೆಯ ಕೋಡ್ ಬರೆಯುವ) ಎಂಜಿನಿಯರ್‌ಗಳ ಸಂದರ್ಶನ ನಡೆಸುತ್ತಿದ್ದೇನೆ. ನಿಮ್ಮ ಪ್ರಶ್ನೆಯಲ್ಲಿ ಎರಡು ಪ್ರಶ್ನೆಗಳಿವೆ. ರೆಸ್ಯೂಮೆ ಆರಿಸುವವರ ಮುಂದೆ ಪದವಿಗೆ ಏನು ಬೆಲೆ ಎಂಬುದು ಒಂದು. ಕರೆ ಬಂದು ಒಳಗೆ ಕುಳಿತ ಮೇಲೆ ನಮ್ಮಂಥವರ ಮುಂದೆ ಏನು ಬೆಲೆ ಎಂಬುದು ಇನ್ನೊಂದು. ನಾನು ಹೇಳಬಲ್ಲದ್ದು ಎರಡನೆಯದನ್ನು. ನಮ್ಮಲ್ಲಿ ಡೇಟಾ ಸ್ಟ್ರಕ್ಚರ್ ಮತ್ತು ಆಲ್ಗರಿದಮ್ ಸುತ್ತು ಒಂದೋ ಎರಡೋ ಇರುತ್ತವೆ. ಆಮೇಲೆ ಎದುರಿಗೇ ಕೋಡ್ ಬರೆಸುವ ಸುತ್ತು, ಅನುಭವ ಇದ್ದವರಿಗೆ ಸಿಸ್ಟಮ್ ಡಿಸೈನ್ (ದೊಡ್ಡ ವ್ಯವಸ್ಥೆಯೊಂದರ ವಿನ್ಯಾಸ), ಕೊನೆಗೆ ಮ್ಯಾನೇಜರ್ ಜೊತೆ ಮಾತು. ಪ್ರತಿ ಸುತ್ತಿನ ನಂತರ ನಾವು ತುಂಬುವ ಅಭಿಪ್ರಾಯದ ನಮೂನೆಯಲ್ಲಿ ಪದವಿಗೆಂದು ಒಂದು ಕಾಲಂ ಕೂಡ ಇಲ್ಲ.

ಆದರೆ ಎಂ.ಟೆಕ್. ಆದವರಿಗೆ ಒಂದು ಪ್ರಶ್ನೆ ಹೆಚ್ಚಾಗಿ ಬರುತ್ತದೆ: ‘ನಿಮ್ಮ ಪ್ರಾಜೆಕ್ಟ್ ಬಗ್ಗೆ ಹೇಳಿ.’ ಅನೇಕರು ಮುಗ್ಗರಿಸುವುದು ಅಲ್ಲಿಯೇ. ಇತ್ತೀಚೆಗೆ ಬಂದ ಅಭ್ಯರ್ಥಿಯೊಬ್ಬರದು ಮೆಷಿನ್ ಲರ್ನಿಂಗ್ ಬಳಸಿ ನೆಟ್‌ವರ್ಕ್ ಮೇಲಿನ ದಾಳಿಗಳನ್ನು ಪತ್ತೆಹಚ್ಚುವ ಪ್ರಾಜೆಕ್ಟ್. ಬಳಸಿದ್ದು ಕೆಡಿಡಿ ಕಪ್ 99 ದತ್ತಾಂಶ. ರೆಸ್ಯೂಮೆಯಲ್ಲಿ ಬರೆದಿದ್ದ ನಿಖರತೆ ಶೇ. 99ಕ್ಕೂ ಹೆಚ್ಚು. 1999ರ ಸ್ಪರ್ಧೆಗಾಗಿ ಸಿದ್ಧವಾದ ಆ ದತ್ತಾಂಶದಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ದಾಖಲೆಗಳು ಬರೀ ಪುನರಾವರ್ತನೆ ಎಂಬುದು 2009ರಲ್ಲೇ ಪ್ರಕಟವಾಗಿದೆ. ಅವನ್ನು ತೆಗೆದುಹಾಕಿದ ಎನ್‌ಎಸ್‌ಎಲ್-ಕೆಡಿಡಿ ಎಂಬ ಆವೃತ್ತಿಯೂ ಬಂದಿದೆ. ಕಲಿಸುವಾಗ ತೋರಿಸಿದ ದಾಖಲೆಯೇ ಪರೀಕ್ಷಿಸುವಾಗಲೂ ಎದುರಾದರೆ ಯಾವ ಮಾದರಿಯಾದರೂ 99 ಅಂಕ ತೆಗೆಯುತ್ತದೆ. ಕಲಿಸಲು ಮತ್ತು ಪರೀಕ್ಷಿಸಲು ದತ್ತಾಂಶವನ್ನು ಹೇಗೆ ಭಾಗ ಮಾಡಿದಿರಿ ಎಂದು ಕೇಳಿದೆ. ಲೈಬ್ರರಿಯ ಒಂದು ಫಂಕ್ಷನ್ ಕರೆದೆ ಎಂದರು. ಒಂದೇ ದಾಖಲೆ ಎರಡೂ ಕಡೆ ಬಂದಿರಬಹುದೇ ಎಂದು ಕೇಳಿದಾಗ, ಆ ಪ್ರಶ್ನೆ ಅವರಿಗೆ ಅಂದೇ ಮೊದಲ ಬಾರಿಗೆ ಎದುರಾಗಿದೆ ಎಂಬುದು ಸ್ಪಷ್ಟವಾಯಿತು. ಬಿ.ಇ. ಮಾತ್ರ ಆಗಿದ್ದರೆ ನಾನು ಆ ಪ್ರಶ್ನೆಯನ್ನೇ ಕೇಳುತ್ತಿರಲಿಲ್ಲ.

ಇದಕ್ಕೆ ವಿರುದ್ಧವಾದ ಅನುಭವವೂ ಇದೆ. ಹೆಸರು ಕೇಳಿರದ ಕಾಲೇಜಿನಿಂದ ಬಂದ ಎಂ.ಟೆಕ್. ಅಭ್ಯರ್ಥಿಯೊಬ್ಬರು ಒಂದು ಚಿಕ್ಕ ಕೀ-ವ್ಯಾಲ್ಯೂ ಸ್ಟೋರ್ (ಹೆಸರು ಕೊಟ್ಟರೆ ಮೌಲ್ಯ ಹುಡುಕಿಕೊಡುವ ಸರಳ ಡೇಟಾಬೇಸ್) ಕಟ್ಟಿದ್ದರು. ಹೊಸ ದತ್ತಾಂಶ ಬರೆಯುವುದು ಹೆಚ್ಚಾದಾಗ ದತ್ತಾಂಶವನ್ನು ಜೋಡಿಸಿಡುವ ಬಿ-ಟ್ರೀ ವಿಧಾನ ಏಕೆ ನಿಧಾನವಾಗುತ್ತದೆ, ಎಲ್‌ಎಸ್‌ಎಂ-ಟ್ರೀ ಎಂಬ ಇನ್ನೊಂದು ವಿಧಾನ ಆ ಹೊರೆಯನ್ನು ಎಲ್ಲಿಗೆ ವರ್ಗಾಯಿಸುತ್ತದೆ ಎಂಬುದನ್ನು ತಾವೇ ಅಳೆದ ಅಂಕಿಗಳೊಂದಿಗೆ ವಿವರಿಸಿದರು. ಆ ದಿನದ ಸಿಸ್ಟಮ್ ಡಿಸೈನ್ ಸುತ್ತು ಅಲ್ಲಿಗೇ ಮುಗಿಯಿತೆನ್ನಬಹುದು.

ಗೇಟ್ ದಾಟಿದವಳು

ಸಂದರ್ಶಕರ ಮಾತು ಸರಿ. ಆದರೆ ತುಂಗಾತೀರ ಅವರ ತೊಂದರೆ ಅದಲ್ಲ. ಅವರಿಗೆ ಸಂದರ್ಶನದ ಕರೆಯೇ ಬರುತ್ತಿಲ್ಲ. ಆ ತೊಂದರೆಗೆ ಒಳ್ಳೆಯ ಸಂಸ್ಥೆಯ ಎಂ.ಟೆಕ್. ನೇರವಾದ ಪರಿಹಾರ. ಐಐಎಸ್ಸಿಯ ಕಂಪ್ಯೂಟರ್ ಸೈನ್ಸ್ ಆ್ಯಂಡ್ ಆಟೊಮೇಷನ್ ವಿಭಾಗಕ್ಕೋ ಹಳೆಯ ಐಐಟಿಗಳ ಸಿಎಸ್‌ಇ ವಿಭಾಗಕ್ಕೋ ಸೇರಿದರೆ, ನೀವು ಈಗ ಅರ್ಜಿ ಹಾಕಿ ಕಾಯುತ್ತಿರುವ ಕಂಪನಿಗಳು ತಾವಾಗಿಯೇ ಕ್ಯಾಂಪಸ್ಸಿಗೆ ಬರುತ್ತವೆ, ಮತ್ತು ಅನೇಕ ಹುದ್ದೆಗಳಿಗೆ ಬಿ.ಟೆಕ್. ವಿದ್ಯಾರ್ಥಿಗಳ ಜೊತೆಗೇ ಎಂ.ಟೆಕ್. ವಿದ್ಯಾರ್ಥಿಗಳನ್ನೂ ಕೂರಿಸುತ್ತವೆ. ನನಗೆ ಕೆಲಸ ಸಿಕ್ಕಿದ್ದು ಹಾಗೆಯೇ. ನನ್ನನ್ನು ಕೇಳಿದ್ದೂ ಗ್ರಾಫ್ ಮತ್ತು ಡೈನಾಮಿಕ್ ಪ್ರೋಗ್ರಾಮಿಂಗ್ ಪ್ರಶ್ನೆಗಳನ್ನೇ. ನಾನು ಕಷ್ಟಪಟ್ಟು ಓದಿದ ಆಟೊಮೇಟಾ ಸಿದ್ಧಾಂತವನ್ನು ಯಾರೂ ಕೇಳಲಿಲ್ಲ. ಆದರೆ ಆ ಕುರ್ಚಿಯಲ್ಲಿ ಕುಳಿತುಕೊಳ್ಳುವ ಅವಕಾಶವನ್ನು ಕೊಟ್ಟದ್ದು ಆ ಸೀಟೇ.

ಖರ್ಚಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಗೇಟ್ ಮೂಲಕ ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ ಸ್ಟೈಪೆಂಡ್. 24 ತಿಂಗಳಿಗೆ 2,97,600. ನಿಮ್ಮ ಸಂಬಳದಲ್ಲಿ ಆ ಎರಡು ವರ್ಷಕ್ಕೆ 12 ಲಕ್ಷ ಬಿಟ್ಟುಕೊಡುತ್ತೀರಿ. ಹಾಗಾಗಿ ಶುಲ್ಕ ಬಿಟ್ಟು ನೋಡಿದರೂ ನಿಜವಾದ ಬೆಲೆ ಸುಮಾರು 9 ಲಕ್ಷ. ಮೊದಲ ಕೆಲಸದಲ್ಲೇ ಸಂಬಳ ದುಪ್ಪಟ್ಟಾದರೆ ಒಂದೂವರೆ ವರ್ಷದಲ್ಲಿ ಅದು ತೀರಿಹೋಗುತ್ತದೆ. ದುಪ್ಪಟ್ಟಾಗದಿದ್ದರೆ? ಅದಕ್ಕಾಗಿಯೇ ‘ಎಂ.ಟೆಕ್. ಮಾಡಲೇ’ ಎಂಬ ಪ್ರಶ್ನೆಗಿಂತ ‘ಯಾವ ಸೀಟು ಸಿಕ್ಕರೆ ಮಾಡಲಿ’ ಎಂಬ ಪ್ರಶ್ನೆ ಮುಖ್ಯ.

ಇನ್ನೊಂದು ಎಚ್ಚರಿಕೆ. ಎರಡು ವರ್ಷದ ಕೋರ್ಸ್ ಎಂದು ಹೆಸರು, ಅಷ್ಟೆ. ಐಐಟಿಗಳಲ್ಲಿ ಮೂರನೇ ಸೆಮಿಸ್ಟರಿನ ಡಿಸೆಂಬರ್ 1ಕ್ಕೇ ಪ್ಲೇಸ್‌ಮೆಂಟ್ ಶುರುವಾಗುತ್ತದೆ. ಆಗಸ್ಟಿನಲ್ಲಿ ಸೇರಿದವರಿಗೆ ಕೋರ್ಸಿನ ಓದು, ಟೀಚಿಂಗ್ ಅಸಿಸ್ಟೆಂಟ್ ಕೆಲಸ, ಸಂದರ್ಶನದ ತಯಾರಿ ಎಲ್ಲವನ್ನೂ ಹದಿನಾರು ತಿಂಗಳೊಳಗೆ ಮುಗಿಸಬೇಕಾಗುತ್ತದೆ.

ಜಯನಗರ ನಾಲ್ಕನೇ ಬ್ಲಾಕ್

ಮೇಲಿನವರು ತಮ್ಮ ವಾದವನ್ನು ತಾವೇ ಕೆಡವಿದ್ದಾರೆ. ಓದಿದ್ದನ್ನು ಯಾರೂ ಕೇಳಲಿಲ್ಲ, ಆದರೂ ಪದವಿ ನೆರವಾಯಿತು ಎನ್ನುವುದಾದರೆ, ನೆರವಾದದ್ದು ಎರಡು ವರ್ಷದ ಓದಲ್ಲ, ಗೇಟ್‌ನಲ್ಲಿ ಬಂದ ರ್‍ಯಾಂಕ್. ಅರ್ಥಶಾಸ್ತ್ರಜ್ಞ ಮೈಕೆಲ್ ಸ್ಪೆನ್ಸ್ 1973ರಲ್ಲೇ ಈ ತರ್ಕವನ್ನು ವಿವರಿಸಿದ್ದಾರೆ. 2001ರ ನೊಬೆಲ್ ಪುರಸ್ಕಾರ ಅವರಿಗೆ ಬಂದದ್ದು ಇದೇ ಬಗೆಯ ಕೆಲಸಕ್ಕೆ. ಕೆಲಸ ಕೊಡುವವನಿಗೆ ಅಭ್ಯರ್ಥಿಯ ನಿಜವಾದ ಸಾಮರ್ಥ್ಯ ಕಾಣಿಸುವುದಿಲ್ಲ. ಆದ್ದರಿಂದ ಸಮರ್ಥರಿಗೆ ಸುಲಭವಾಗಿ, ಉಳಿದವರಿಗೆ ಕಷ್ಟವಾಗಿ ಸಿಗುವಂಥ ಒಂದು ಗುರುತನ್ನು ಅವನು ನೆಚ್ಚುತ್ತಾನೆ. ಪದವಿಯಿಂದ ಕೌಶಲ ಹೆಚ್ಚದಿದ್ದರೂ ಅದು ಗುರುತಾಗಿ ಕೆಲಸ ಮಾಡುತ್ತದೆ.

ಹಾಗಿದ್ದಲ್ಲಿ ಪ್ರವೇಶ ಸುಲಭವಾದ ಪದವಿಗೆ ಗುರುತಾಗಿ ಯಾವ ಬೆಲೆಯೂ ಇಲ್ಲ. ರಾಜ್ಯದಲ್ಲಿ ಎಷ್ಟೋ ಕಾಲೇಜುಗಳ ಎಂ.ಟೆಕ್. ಸೀಟುಗಳು ಖಾಲಿ ಬೀಳುತ್ತಿವೆ; ಅರ್ಜಿ ಹಾಕಿದವರಿಗೆಲ್ಲ ಸಿಗುವ ಸೀಟು ಯಾರನ್ನು ಯಾರಿಂದ ಬೇರ್ಪಡಿಸೀತು? ಅದೇ ಎರಡು ವರ್ಷದಲ್ಲಿ ಒಳ್ಳೆಯ ತಂಡದಲ್ಲಿ ದುಡಿದವರ ಕೈಯಲ್ಲಿ ಲೈವ್ ಆಗಿ ನಡೆಯುತ್ತಿರುವ ವ್ಯವಸ್ಥೆಯನ್ನು ಕಟ್ಟಿದ ಅನುಭವವಿರುತ್ತದೆ, ಮತ್ತು ಅದನ್ನು ಪ್ರತಿಯೊಂದು ಕಂಪನಿಯೂ ಅನುಭವವೆಂದೇ ಎಣಿಸುತ್ತದೆ. ಎಂ.ಟೆಕ್.ನ ಎರಡು ವರ್ಷವನ್ನು ಕೆಲವರು ಅನುಭವಕ್ಕೆ ಸೇರಿಸುತ್ತಾರೆ, ಕೆಲವರು ಸೇರಿಸುವುದಿಲ್ಲ.

ಕಂಪೈಲರ್ ಕೆಲಸಗಾರ

ಇಲ್ಲಿಯವರೆಗೆ ಎಲ್ಲರೂ ಒಂದೇ ಬಗೆಯ ಕೆಲಸವನ್ನು ಮನಸ್ಸಿನಲ್ಲಿಟ್ಟುಕೊಂಡು ಮಾತನಾಡಿದ್ದಾರೆ: ವೆಬ್ ಸೇವೆಗಳನ್ನು ಬರೆಯುವ ಬ್ಯಾಕೆಂಡ್ ಕೆಲಸ. ಹುದ್ದೆಗಳ ಸಂಖ್ಯೆಯಲ್ಲಿ ಅದೇ ದೊಡ್ಡದು, ಒಪ್ಪುತ್ತೇನೆ. ಆದರೆ ಬೆಂಗಳೂರಿನಲ್ಲಿ ಇನ್ನೊಂದು ಬಗೆಯ ಸಾಫ್ಟ್‌ವೇರ್ ಕೆಲಸವೂ ಇದೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಇಲ್ಲಿಗೆ ಬಂದದ್ದು 1985ರಲ್ಲಿ. ಆನಂತರ ಬಂದ ಇಂಟೆಲ್, ಎಎಂಡಿ, ಕ್ವಾಲ್‌ಕಾಮ್, ಎನ್ವಿಡಿಯಾದಂಥ ಚಿಪ್ ಕಂಪನಿಗಳಿಗೆಲ್ಲ ತಮ್ಮ ಚಿಪ್‌ಗೆ ಹೊಂದುವ ಕಂಪೈಲರ್ (ಬರೆದ ಕೋಡನ್ನು ಚಿಪ್ಪಿನ ಭಾಷೆಗೆ ಬದಲಿಸುವ ತಂತ್ರಾಂಶ), ಡ್ರೈವರ್, ಗಣಿತದ ಲೈಬ್ರರಿ ಬರೆಯುವವರು ಬೇಕು. ನಾನು ಈ ಕ್ಷೇತ್ರದವನು. ಇಲ್ಲಿ ಎಂ.ಟೆಕ್. ಬರೀ ಗುರುತಲ್ಲ.

ನಮ್ಮ ತಂಡದ ಸಂದರ್ಶನ ಹೇಗಿರುತ್ತದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ಹೇಳುತ್ತೇನೆ. ಒಂದರೊಳಗೊಂದು ಮೂರು ಲೂಪ್‌ಗಳಿರುವ ಮ್ಯಾಟ್ರಿಕ್ಸ್ ಗುಣಾಕಾರದ ಕೋಡನ್ನು ಬೋರ್ಡಿನ ಮೇಲೆ ಬರೆಯುತ್ತೇವೆ. ಒಳಗಿನ ಎರಡು ಲೂಪ್‌ಗಳನ್ನು ಅದಲುಬದಲು ಮಾಡಿದರೆ ಉತ್ತರ ಬದಲಾಗುತ್ತದೆಯೇ ಎಂಬುದು ಮೊದಲ ಪ್ರಶ್ನೆ. ಉತ್ತರ ಬದಲಾಗದಿದ್ದರೂ ವೇಗ ಏಕೆ ಹಲವು ಪಟ್ಟು ಬದಲಾಗುತ್ತದೆ ಎಂಬುದು ಎರಡನೆಯದು. ಸಿ ಭಾಷೆಯಲ್ಲಿ ಮ್ಯಾಟ್ರಿಕ್ಸ್ ಸಾಲುಸಾಲಾಗಿ ಮೆಮೊರಿಯಲ್ಲಿ ಕೂರುತ್ತದೆ, ಕಾಲಂ ಹಿಡಿದು ನಡೆದರೆ ಪ್ರತಿ ಹೆಜ್ಜೆಗೂ ಬೇಕಾದ ಅಂಕಿ ಕ್ಯಾಶ್ ಎಂಬ ವೇಗದ ಮೆಮೊರಿಯಲ್ಲಿ ಸಿಗುವುದಿಲ್ಲ ಎಂಬಲ್ಲಿಗೆ ಅಭ್ಯರ್ಥಿ ತಾನೇ ಬರಬೇಕು. ಈ ಅದಲುಬದಲನ್ನು ಕಂಪೈಲರ್ ತಾನಾಗಿಯೇ ಮಾಡಬೇಕಾದರೆ ಅದು ಯಾವ ಅವಲಂಬನೆಗಳನ್ನು ಪರಿಶೀಲಿಸಬೇಕು ಎಂಬುದು ಮೂರನೆಯದು. ಮೊದಲ ಎರಡಕ್ಕೆ ಒಳ್ಳೆಯ ಬಿ.ಇ. ಅಭ್ಯರ್ಥಿ ಉತ್ತರಿಸುತ್ತಾನೆ. ಮೂರನೆಯದಕ್ಕೆ ಉತ್ತರಿಸುವವರು ಬಹುಮಟ್ಟಿಗೆ ಎಂ.ಟೆಕ್.ನಲ್ಲಿ ಅಡ್ವಾನ್ಸ್ಡ್ ಕಂಪೈಲರ್ ಕೋರ್ಸ್ ಮಾಡಿದವರು, ಇಲ್ಲವೇ ಎಲ್‌ಎಲ್‌ವಿಎಂನಂಥ ಓಪನ್ ಸೋರ್ಸ್ ಕಂಪೈಲರ್ ಯೋಜನೆಯಲ್ಲಿ ಕೋಡ್ ಸೇರಿಸಿದವರು. ಅಂದಹಾಗೆ, ಇಂದು ಅರ್ಧ ಜಗತ್ತೇ ಬಳಸುವ ಆ ಎಲ್‌ಎಲ್‌ವಿಎಂ ಕೂಡ 2002ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಕ್ರಿಸ್ ಲ್ಯಾಟ್ನರ್ ಸಲ್ಲಿಸಿದ ಸ್ನಾತಕೋತ್ತರ ಪ್ರಬಂಧವೇ.

ಡೇಟಾಬೇಸ್ ಎಂಜಿನ್, ಕ್ರಿಪ್ಟೊಗ್ರಫಿ, ಫಾರ್ಮಲ್ ವೆರಿಫಿಕೇಷನ್, ಚಿಪ್ ವಿನ್ಯಾಸದ ಉಪಕರಣಗಳು, ಇವುಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಇನ್ನು ಸಂಶೋಧನೆಯ ಹುದ್ದೆಗಳಿಗೆ ಪಿಎಚ್.ಡಿ. ಇಲ್ಲದೆ ಮುಂದಕ್ಕೆ ಹೋಗುವುದು ಬಹಳ ಕಷ್ಟ. ಬೆಂಗಳೂರಿನಲ್ಲಿ 2005ರಲ್ಲಿ ಶುರುವಾದ ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾದಲ್ಲಾಗಲಿ 2019ರಲ್ಲಿ ಘೋಷಣೆಯಾದ ಗೂಗಲ್‌ನ ಸಂಶೋಧನಾ ಕೇಂದ್ರದಲ್ಲಾಗಲಿ ಸಂಶೋಧಕರನ್ನು ಅಳೆಯುವುದು ಪ್ರಕಟಿತ ಪ್ರಬಂಧಗಳಿಂದ. ಆದರೆ ಪಿಎಚ್.ಡಿ.ಗೆ ಐದಾರು ವರ್ಷ ಬೇಕು. ಸಂಶೋಧನಾ ವಿದ್ಯಾರ್ಥಿಗಳಿಗೆ ಸಿಗುವ ಜೆಆರ್‌ಎಫ್ ಫೆಲೋಶಿಪ್ 2023ರಲ್ಲಿ ತಿಂಗಳಿಗೆ 31,000ದಿಂದ 37,000 ರೂಪಾಯಿಗೆ ಏರಿದೆ, ಪ್ರಧಾನಮಂತ್ರಿ ಫೆಲೋಶಿಪ್ 70,000ದಿಂದ ಶುರುವಾಗುತ್ತದೆ; ಆದರೂ ಸಂಬಳಕ್ಕಾಗಿ ಪಿಎಚ್.ಡಿ. ಮಾಡಬೇಡಿ ಎಂದೇ ಹೇಳುತ್ತೇನೆ. ಐದಾರು ವರ್ಷ ಕಂಪ್ಯೂಟರ್ ವಿಷನ್‌ನಲ್ಲಿ ಮುಳುಗಿದ್ದವರು ಸಾಮಾನ್ಯ ಬ್ಯಾಕೆಂಡ್ ಹುದ್ದೆಗೆ ಅರ್ಜಿ ಹಾಕಿದರೆ, ಇವರು ಇಲ್ಲಿ ಎಷ್ಟು ದಿನ ಉಳಿದಾರು ಎಂಬ ಅನುಮಾನ ಮ್ಯಾನೇಜರ್‌ಗೆ ಮೊದಲು ಬರುತ್ತದೆ.

ತುಂಗಾತೀರ

ಎಲ್ಲರಿಗೂ ಧನ್ಯವಾದಗಳು. ಕಂಪೈಲರ್ ಕೆಲಸಗಾರರು ವಿವರಿಸಿದ ಮೂರನೇ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ. ಅಂಥ ಕೆಲಸದ ಹಂಬಲವೂ ನನಗಿಲ್ಲ ಎಂದು ಪ್ರಾಮಾಣಿಕವಾಗಿ ಹೇಳಬೇಕು. ನನಗೆ ಬೇಕಾದದ್ದು ಒಳ್ಳೆಯ ಬ್ಯಾಕೆಂಡ್ ಕೆಲಸ. ಹಾಗಾದರೆ ವಾರಾಂತ್ಯದ ಎಂ.ಟೆಕ್. ಬಗ್ಗೆ ಏನು ಹೇಳುತ್ತೀರಿ? ಸಂಬಳವೂ ನಿಲ್ಲುವುದಿಲ್ಲ, ರೆಸ್ಯೂಮೆಯಲ್ಲಿ ಒಂದು ಸಾಲೂ ಸೇರುತ್ತದೆ.

ರೆಸ್ಯೂಮೆ ರಾಶಿ

ನೇಮಕಾತಿ ವಿಭಾಗದಲ್ಲಿರುವವಳು ನಾನು. ಮೊದಲ ಜರಡಿ ನಮ್ಮದೇ. ಒಂದು ಹುದ್ದೆಗೆ ಜಾಹೀರಾತು ಹಾಕಿದರೆ ಬರುವ ಅರ್ಜಿಗಳನ್ನು ಕೂತು ಪೂರ್ತಿಯಾಗಿ ಓದಲು ಯಾರಿಗೂ ಸಮಯವಿಲ್ಲ. ನಾವು ನೋಡುವ ಕ್ರಮವನ್ನು ಮುಚ್ಚುಮರೆ ಇಲ್ಲದೆ ಹೇಳುತ್ತೇನೆ: ಒಳಗಿನವರ ರೆಫರಲ್ ಇದೆಯೇ, ಈಗಿನ ಕಂಪನಿ ಯಾವುದು, ನಾವು ಕೇಳಿದ ತಂತ್ರಜ್ಞಾನದಲ್ಲಿ ಎಷ್ಟು ವರ್ಷ, ನೋಟಿಸ್ ಪೀರಿಯಡ್ ಎಷ್ಟು. ಕಾಲೇಜಿನ ಹೆಸರು ಆಮೇಲೆ. ಎರಡು ವರ್ಷಕ್ಕಿಂತ ಹೆಚ್ಚು ಅನುಭವ ಇದ್ದವರ ವಿಷಯದಲ್ಲಿ ಎಂ.ಟೆಕ್. ಎಂಬ ಪದದ ಮೇಲೆ ನಮ್ಮ ಕಣ್ಣು ನಿಲ್ಲುವುದು, ಪಕ್ಕದಲ್ಲಿ ಐಐಎಸ್ಸಿಯೋ ಐಐಟಿಯೋ ಟ್ರಿಪಲ್ ಐಟಿಯೋ ಇದ್ದರೆ ಮಾತ್ರ. ಇದು ನ್ಯಾಯವೇ ಎಂದು ಕೇಳಿದರೆ ಅಲ್ಲ ಎನ್ನುತ್ತೇನೆ. ನಡೆಯುತ್ತಿರುವುದು ಮಾತ್ರ ಹೀಗೆ.

ವಾರಾಂತ್ಯದ ಎಂ.ಟೆಕ್.ಗೆ ಒಂದು ಉಪಯೋಗವಿದೆ: ಸ್ನಾತಕೋತ್ತರ ಪದವಿ ಕಡ್ಡಾಯ ಎಂದು ಬರೆದಿರುವ ಕೆಲವು ಡೇಟಾ ಸೈನ್ಸ್ ಹುದ್ದೆಗಳಿಗೆ ಅದು ಅರ್ಹತೆಯ ಗೆರೆಯನ್ನು ದಾಟಿಸುತ್ತದೆ. ಬ್ಯಾಕೆಂಡ್ ಹುದ್ದೆಗೆ ಸಂದರ್ಶನದ ಕರೆ ತರುವಷ್ಟು ಬಲ ಅದಕ್ಕಿಲ್ಲ. ನಿಮಗೆ ಕರೆ ಬರದಿರುವುದಕ್ಕೆ ನನ್ನ ಊಹೆ, ರೆಸ್ಯೂಮೆಯಲ್ಲಿ ‘ಸಪೋರ್ಟ್’ ಎಂಬ ಮಾತು ಮೊದಲ ಸಾಲಿನಲ್ಲೇ ಇದೆ.

ಬಿ.ಎಸ್ಸಿ. ದಾರಿಯವನು

ಈ ಚರ್ಚೆಯಲ್ಲಿ ಎಲ್ಲರೂ ಬಿ.ಇ. ಆದವರೇ ಎಂದು ಭಾವಿಸಿಕೊಂಡಂತಿದೆ. ಚಿಕ್ಕ ಊರಿನ ಡಿಗ್ರಿ ಕಾಲೇಜುಗಳಲ್ಲಿ ಬಿ.ಎಸ್ಸಿ., ಬಿಸಿಎ ಓದಿದವರ ಪ್ರಶ್ನೆಯೇ ಬೇರೆ. ‘ಬಿ.ಇ., ಬಿ.ಟೆಕ್. ಅಥವಾ ಎಂಸಿಎ’ ಎಂದು ಅರ್ಹತೆಯನ್ನು ಬರೆಯುವ ಕಂಪನಿಗಳೇ ಹೆಚ್ಚು. ಆ ಸಾಲಿನಲ್ಲಿ ಎಂಸಿಎ ಉನ್ನತ ಪದವಿಯಲ್ಲ, ಬಿ.ಇ.ಗೆ ಸಮನಾದ ಟಿಕೆಟ್. ನಮ್ಮಂಥವರು ಸ್ನಾತಕೋತ್ತರ ಪದವಿ ಮಾಡುವುದು ಬೇರೆಯವರಿಗಿಂತ ಮುಂದೆ ಹೋಗುವುದಕ್ಕಲ್ಲ, ಅವರ ಸಾಲಿಗೆ ಬಂದು ನಿಲ್ಲುವುದಕ್ಕೆ. 2020-21ರಿಂದ ಎಂಸಿಎ ಮೂರು ವರ್ಷದ ಬದಲು ಎರಡೇ ವರ್ಷವಾಗಿರುವುದರಿಂದ ಆ ಟಿಕೆಟ್ಟಿನ ಬೆಲೆಯೂ ಒಂದು ವರ್ಷ ಇಳಿದಿದೆ.

ಇನ್ನೊಂದು ದಾರಿಯೂ ಇದೆ. ವಿಪ್ರೊ ಬಿ.ಎಸ್ಸಿ., ಬಿಸಿಎ ಪದವೀಧರರನ್ನು ಕೆಲಸಕ್ಕೆ ತೆಗೆದುಕೊಂಡು, ಕೆಲಸ ಮಾಡುತ್ತಲೇ ಎಂ.ಟೆಕ್. ಓದಿಸುವ ಕಾರ್ಯಕ್ರಮವನ್ನು ಬಹಳ ಹಿಂದಿನಿಂದ ನಡೆಸುತ್ತಿದೆ; ಓದಿನ ಖರ್ಚು ಕಂಪನಿಯದು, ಪ್ರತಿಯಾಗಿ ಹಲವು ವರ್ಷಗಳ ಸೇವಾ ಒಪ್ಪಂದ. ಶನಿವಾರ ತರಗತಿ, ಉಳಿದ ದಿನ ಪ್ರಾಜೆಕ್ಟ್. ಮನೆಯಲ್ಲಿ ಸಂಪಾದನೆ ಬೇಕೇಬೇಕು ಎನ್ನುವವರಿಗೆ ಇದರಷ್ಟು ಸರಿಹೊಂದುವುದು ಇನ್ನೊಂದು ನನಗೆ ಕಂಡಿಲ್ಲ. ಆದ್ದರಿಂದ ವಾರಾಂತ್ಯದ ಪದವಿಗೆ ಬೆಲೆಯೇ ಇಲ್ಲವೆಂದು ತಳ್ಳಿಹಾಕುವ ಮೊದಲು, ಅದು ಯಾರ ಕೈಯಲ್ಲಿದೆ ಎಂಬುದನ್ನು ನೋಡಬೇಕು. ಬಿ.ಇ. ಆದ ತುಂಗಾತೀರ ಅವರಿಗೆ ಅದರಿಂದ ಲಾಭ ಕಡಿಮೆ ಎಂಬುದನ್ನು ನಾನೂ ಒಪ್ಪುತ್ತೇನೆ.

ಸಿಯಾಟಲ್ ಮಳೆ

ವಿದೇಶದ ದಾರಿಯ ಬಗ್ಗೆ ಯಾರೂ ಹೇಳಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಅಮೆರಿಕದಲ್ಲಿ ಎಂ.ಎಸ್. ಪದವಿಯ ಬೆಲೆಯ ದೊಡ್ಡ ಪಾಲು ವೀಸಾದ ಬೆಲೆ. ಎಂಜಿನಿಯರಿಂಗ್ ಓದಿದವರು ಪದವಿಯ ನಂತರ ಒಪಿಟಿಯಲ್ಲಿ (ವಿದ್ಯಾರ್ಥಿ ವೀಸಾದಲ್ಲೇ ಕೆಲಸ ಮಾಡುವ ಅನುಮತಿ) 12 ತಿಂಗಳು, ಅದರ ಮೇಲೆ 24 ತಿಂಗಳು, ಒಟ್ಟು ಮೂರು ವರ್ಷ ಕೆಲಸ ಮಾಡಬಹುದು. ಎಚ್-1ಬಿ ಎಂಬ ಉದ್ಯೋಗ ವೀಸಾದ ವಾರ್ಷಿಕ ಮಿತಿ 65,000. ಅಮೆರಿಕದಲ್ಲೇ ಸ್ನಾತಕೋತ್ತರ ಪದವಿ ಪಡೆದವರಿಗೆ ಇನ್ನೂ 20,000 ಮೀಸಲು. ಇಲ್ಲಿ ಗಮನಿಸಬೇಕಾದದ್ದು, ಐಐಟಿಯ ಎಂ.ಟೆಕ್. ಎಷ್ಟೇ ಶ್ರೇಷ್ಠವಾಗಿದ್ದರೂ ಆ 20,000ದ ಪಾಲಿಗೆ ಅದು ಲೆಕ್ಕಕ್ಕಿಲ್ಲ.

ಈಗಿನ ಪರಿಸ್ಥಿತಿಯಲ್ಲಿ ನಾನು ಯಾರಿಗೂ ಕಣ್ಣುಮುಚ್ಚಿ ಬನ್ನಿ ಎನ್ನಲಾರೆ. 2025ರ ಸೆಪ್ಟೆಂಬರಿನಲ್ಲಿ ಹೊಸ ಎಚ್-1ಬಿ ಅರ್ಜಿಗಳ ಮೇಲೆ ಒಂದು ಲಕ್ಷ ಡಾಲರ್ ಶುಲ್ಕದ ಘೋಷಣೆ ಹೊರಬಿತ್ತು. ದೇಶದೊಳಗೇ ಇದ್ದು ವಿದ್ಯಾರ್ಥಿ ವೀಸಾದಿಂದ ಬದಲಾಗುವವರಿಗೆ ಅದು ಅನ್ವಯಿಸುವುದಿಲ್ಲವೆಂಬ ಸ್ಪಷ್ಟನೆ ಆಮೇಲೆ ಬಂದಿತು. ಒಂದು ಲೆಕ್ಕದಲ್ಲಿ ಇದು ಇಲ್ಲಿನ ಪದವಿಯ ಬೆಲೆಯನ್ನು ಹೆಚ್ಚಿಸಿದೆ ಎನ್ನಬಹುದು. ಆದರೆ ಅರ್ಧ ಕೋಟಿ ಸಾಲ ಮಾಡಿ ಬಂದವರಿಗೆ, ತಾವು ಓದು ಮುಗಿಸುವ ಹೊತ್ತಿಗೆ ಯಾವ ನಿಯಮ ಇರುತ್ತದೆ ಎಂಬುದು ಗೊತ್ತಿಲ್ಲದಿದ್ದರೆ ನಿದ್ದೆ ಎಲ್ಲಿಂದ ಬರಬೇಕು? ಅಮೆರಿಕದ ಪದವಿಯೇ ಬೇಕು, ವೀಸಾ ಬೇಡ ಎನ್ನುವವರಿಗೆ ಜಾರ್ಜಿಯಾ ಟೆಕ್ 2014ರಿಂದ ನಡೆಸುತ್ತಿರುವ ಆನ್‌ಲೈನ್ ಎಂ.ಎಸ್. ಇದೆ. ಪೂರ್ತಿ ಪದವಿಗೆ 10,000 ಡಾಲರ್‌ಗಿಂತ ಕಡಿಮೆ, ಓದು ಗಟ್ಟಿ, ಕೆಲಸವನ್ನೂ ಬಿಡಬೇಕಾಗಿಲ್ಲ.

ಮ್ಯೂನಿಕ್ ಕನ್ನಡತಿ

ಜರ್ಮನಿಯ ಲೆಕ್ಕ ಬೇರೆ. ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ; ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ಸೆಮಿಸ್ಟರಿಗೆ 1,500 ಯೂರೊ, ನಮ್ಮ ಊರಿನ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ 2024ರ ಚಳಿಗಾಲದಿಂದ ಯುರೋಪಿನ ಹೊರಗಿನವರಿಗೆ ಸ್ನಾತಕೋತ್ತರ ಓದಿಗೆ ಸೆಮಿಸ್ಟರಿಗೆ 4,000ದಿಂದ 6,000 ಯೂರೊ. ಇಲ್ಲಿ ಕೆಲಸ ಕೊಡಿಸುವುದು ಪದವಿಪತ್ರಕ್ಕಿಂತ ಹೆಚ್ಚಾಗಿ ಓದಿನ ನಡುವೆ ಮಾಡುವ ‘ವೆರ್ಕ್‌ಸ್ಟುಡೆಂಟ್’ ಕೆಲಸ, ಅಂದರೆ ಸೆಮಿಸ್ಟರಿನಲ್ಲಿ ವಾರಕ್ಕೆ 20 ಗಂಟೆಗಳವರೆಗೆ ಕಂಪನಿಯ ತಂಡವೊಂದರಲ್ಲಿ ದುಡಿಯುವುದು. ಪ್ರಬಂಧವನ್ನೂ ಅದೇ ಕಂಪನಿಯಲ್ಲಿ ಬರೆದು, ಅಲ್ಲೇ ಕೆಲಸಕ್ಕೆ ಸೇರುವವರು ಬಹಳ. ಜರ್ಮನ್ ಭಾಷೆ ಬಾರದಿದ್ದರೆ ಈ ಮಾತಿನ ಅರ್ಧ ತೂಕ ಕಡಿಮೆ ಮಾಡಿಕೊಂಡು ಓದಿ.

ಇನ್ನೊಂದು ವಿಷಯ: 2023ರ ನವೆಂಬರಿನಿಂದ ಐಟಿಯವರಿಗೆ ಪದವಿಯೇ ಇಲ್ಲದಿದ್ದರೂ, ಕಳೆದ ಏಳು ವರ್ಷಗಳಲ್ಲಿ ಮೂರು ವರ್ಷದ ತಕ್ಕ ಅನುಭವ ಮತ್ತು ನಿಗದಿತ ಸಂಬಳದ ಕೆಲಸ ಕೈಯಲ್ಲಿದ್ದರೆ ಬ್ಲೂ ಕಾರ್ಡ್ (ಐರೋಪ್ಯ ಒಕ್ಕೂಟದ ಉದ್ಯೋಗ ಪರವಾನಗಿ) ಸಿಗುವ ಅವಕಾಶವಿದೆ. ವೀಸಾಕ್ಕಾಗಿ ಪದವಿ ಎಂಬ ತರ್ಕ ಎಲ್ಲ ದೇಶಕ್ಕೂ ಒಂದೇ ಅಲ್ಲ. ಕಾಯಂ ನಿವಾಸಿಗಳನ್ನು ಅಂಕದ ಮೇಲೆ ಆರಿಸುವ ಕೆನಡಾದ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ಒಂಟಿ ಅರ್ಜಿದಾರರಿಗೆ ಪದವಿಗೆ 120 ಅಂಕವಾದರೆ ಸ್ನಾತಕೋತ್ತರಕ್ಕೆ 135, ಪಿಎಚ್.ಡಿ.ಗೆ 150. ಎರಡು ವರ್ಷದ ಓದಿಗೆ ಅಲ್ಲಿ ಸಿಗುವುದು ನೇರವಾಗಿ 15 ಅಂಕ.

ಬೋಧಕಿ

ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುವವಳಾಗಿ ಜಯನಗರದವರ ಮಾತಿಗೆ ಉತ್ತರ ಕೊಡಬೇಕೆನಿಸಿತು. ನಮ್ಮಲ್ಲಿ ಎಂ.ಟೆಕ್. ಸೇರುವವರಲ್ಲಿ ಅನೇಕರಿಗೆ ಸಾಫ್ಟ್‌ವೇರ್ ಕಂಪನಿಯ ಕೆಲಸ ಗುರಿಯೇ ಅಲ್ಲ. ಕಾಲೇಜುಗಳಲ್ಲಿ ಸಹಾಯಕ ಪ್ರಾಧ್ಯಾಪಕರಾಗಲು ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ಮಂಡಳಿಯಾದ ಎಐಸಿಟಿಇಯ ನಿಯಮದಂತೆ ಸ್ನಾತಕೋತ್ತರ ಪದವಿ ಬೇಕು. ಆ ದಾರಿಯಲ್ಲಿ ಪದವಿ ಕಡ್ಡಾಯ, ಚರ್ಚೆಗೆ ಎಡೆಯಿಲ್ಲ. ಆದ್ದರಿಂದ ಪ್ಲೇಸ್‌ಮೆಂಟ್ ಅಂಕಿಗಳನ್ನು ಮುಂದಿಟ್ಟುಕೊಂಡು ಎಲ್ಲ ಎಂ.ಟೆಕ್. ಪದವಿಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ.

ಆದರೆ ಸಂದರ್ಶಕರು ಹೇಳಿದ ಕೆಡಿಡಿ ಕಪ್ ಪ್ರಾಜೆಕ್ಟಿಗೆ ನಾವು ಬೋಧಕರೂ ಹೊಣೆ. ಒಬ್ಬ ಮಾರ್ಗದರ್ಶಕರಿಗೆ ಹಲವು ವಿದ್ಯಾರ್ಥಿಗಳು, ಮೇಲೆ ಬಿ.ಇ. ತರಗತಿಗಳ ಹೊರೆ, ಹೀಗಿರುವಾಗ ಬೇಗ ಮುಗಿಯುವ, ದತ್ತಾಂಶ ಸಿದ್ಧವಾಗಿ ಸಿಗುವ ವಿಷಯವನ್ನೇ ಒಪ್ಪಿಬಿಡುತ್ತೇವೆ. ಕೆಲಸ ಹುಡುಕುವವರು ಕಾಲೇಜು ಆರಿಸುವಾಗ ಪ್ಲೇಸ್‌ಮೆಂಟ್ ಪಟ್ಟಿಯ ಜೊತೆಗೆ, ಹಿಂದಿನ ವರ್ಷದ ಪ್ರಬಂಧಗಳ ಶೀರ್ಷಿಕೆಗಳನ್ನು ಕೇಳಿ ಪಡೆದು ನೋಡಲಿ. ಹತ್ತರಲ್ಲಿ ಎಂಟು ಶೀರ್ಷಿಕೆಗಳು ‘ಯೂಸಿಂಗ್ ಮೆಷಿನ್ ಲರ್ನಿಂಗ್’ ಎಂದು ಕೊನೆಗೊಂಡಿದ್ದರೆ ಉಳಿದದ್ದನ್ನು ನಾನು ಹೇಳಬೇಕಾಗಿಲ್ಲ.

ಜಯನಗರ ನಾಲ್ಕನೇ ಬ್ಲಾಕ್

ಬೋಧಕಿಯವರ ಮಾತನ್ನು ಒಪ್ಪುತ್ತೇನೆ. ಮುಂದೆ ಯಾರಾದರೂ ಮೈಸೂರಿನ ಎನ್ಐಇಯಲ್ಲಿ ಬಿ.ಇ. ಮುಗಿಸಿ ಐಐಟಿ ಕಾನ್ಪುರದಲ್ಲಿ ಎಂ.ಟೆಕ್. ಮಾಡಿದ ನಾರಾಯಣಮೂರ್ತಿಯವರನ್ನೋ, ಮಣಿಪಾಲದಿಂದ ವಿಸ್ಕಾನ್ಸಿನ್‌ಗೆ ಎಂ.ಎಸ್.ಗೆ ಹೋದ ಸತ್ಯ ನಾದೆಲ್ಲ ಅವರನ್ನೋ ಉದಾಹರಣೆಯಾಗಿ ತರುವ ಮೊದಲೇ ಹೇಳಿಬಿಡುತ್ತೇನೆ: 1969ರಲ್ಲಿ ಎಂ.ಟೆಕ್. ಆದವರು ಎಷ್ಟು ಜನರಿದ್ದರು, ಈಗ ಎಷ್ಟು ಜನರಿದ್ದಾರೆ ಎಂದು ಯೋಚಿಸಿ. ವಿರಳವಾಗಿದ್ದಾಗ ಇದ್ದ ಬೆಲೆ ಹೇರಳವಾದ ಮೇಲೆ ಇರುವುದಿಲ್ಲ.

ಸಂದರ್ಶಕ

ತುಂಗಾತೀರ ಅವರೇ, ನಿಮ್ಮ ಸ್ಥಿತಿಗೆ ಹೊಂದುವಂತೆ ನನ್ನ ಅಭಿಪ್ರಾಯ ಹೀಗಿದೆ. ಮುಂದಿನ ಫೆಬ್ರವರಿಯ ಗೇಟ್ ಬರೆಯಿರಿ. ಅದಕ್ಕಾಗಿ ಓದುವ ಆಪರೇಟಿಂಗ್ ಸಿಸ್ಟಮ್, ಡೇಟಾಬೇಸ್, ನೆಟ್‌ವರ್ಕ್, ಆಲ್ಗರಿದಮ್ ವಿಷಯಗಳು ಸಂದರ್ಶನದ ತಯಾರಿಗೂ ಬರುತ್ತವೆ. ಸೀಟು ಸಿಗದಿದ್ದರೂ ಓದು ವ್ಯರ್ಥವಾಗುವುದಿಲ್ಲ, ಅಂಕವೂ ಮೂರು ವರ್ಷ ಚಾಲ್ತಿಯಲ್ಲಿರುತ್ತದೆ. ಅದೇ ಹೊತ್ತಿನಲ್ಲಿ ಈಗಿನ ಬ್ಯಾಂಕ್ ಪ್ರಾಜೆಕ್ಟಿನಲ್ಲಿ ಕೋಡ್ ಬರೆಯುವ ಒಂದು ಭಾಗವನ್ನು ಕೇಳಿ ಪಡೆದುಕೊಳ್ಳಿ. ಪದೇಪದೇ ಬರುವ ಒಂದು ಟಿಕೆಟ್ಟಿನ ಮೂಲಕಾರಣವನ್ನು ಹುಡುಕಿ ಸರಿಪಡಿಸಿ, ಮೊದಲು ಎಷ್ಟು ಬರುತ್ತಿತ್ತು, ಆಮೇಲೆ ಎಷ್ಟಾಯಿತು ಎಂಬುದನ್ನು ರೆಸ್ಯೂಮೆಯ ಮೊದಲ ಸಾಲಿಗೆ ತನ್ನಿ. ಹಾಗೆ ಮಾಡಿದ ಮೇಲೆ ಗೇಟ್ ಫಲಿತಾಂಶಕ್ಕೆ ಮೊದಲೇ ಕರೆ ಬಂದರೆ ಎಂ.ಟೆಕ್. ಪ್ರಶ್ನೆಯೇ ಏಳುವುದಿಲ್ಲ.

ತುಂಗಾತೀರ

ಇದು ನನಗೆ ಒಪ್ಪಿಗೆಯಾದ ದಾರಿ. ಗೇಟ್ ಬರೆಯುತ್ತೇನೆ, ಐಐಎಸ್ಸಿ ಅಥವಾ ಹಳೆಯ ಐಐಟಿಗಳ ಸಿಎಸ್‌ಇ ಸೀಟು ಸಿಕ್ಕರೆ ಮಾತ್ರ ಕೆಲಸ ಬಿಡುತ್ತೇನೆ, ಇಲ್ಲದಿದ್ದರೆ ಇಲ್ಲ. ವಾರಾಂತ್ಯದ ಎಂ.ಟೆಕ್. ಮತ್ತು ಸಾಲದ ಎಂ.ಎಸ್. ಎರಡನ್ನೂ ಕೈಬಿಟ್ಟಿದ್ದೇನೆ. ಉಳಿದಿರುವುದು ಒಂದು ಅನುಮಾನ: ನಮ್ಮಲ್ಲಿ ನೋಟಿಸ್ ಪೀರಿಯಡ್ 90 ದಿನ. ಸೀಟು ಖಚಿತವಾಗುವುದು ಯಾವಾಗ, ರಾಜೀನಾಮೆ ಕೊಡುವುದು ಯಾವಾಗ? 2024ರಿಂದ ಬಂದಿರುವ ಡೇಟಾ ಸೈನ್ಸ್ ಮತ್ತು ಎಐ ಪತ್ರಿಕೆಯನ್ನೂ ಜೊತೆಗೆ ಬರೆಯಬಹುದೇ?

ಗೇಟ್ ದಾಟಿದವಳು

ಕಂಪ್ಯೂಟರ್ ಸೈನ್ಸ್ ಜೊತೆಗೆ ಆ ಪತ್ರಿಕೆಯನ್ನೂ ಬರೆಯಬಹುದು; ಗಣಿತದ ಭಾಗ ಬಹಳಷ್ಟು ಸಮಾನವಾಗಿದೆ, ಸಂಭವನೀಯತೆ ಮತ್ತು ಲೀನಿಯರ್ ಆಲ್ಜಿಬ್ರಾಕ್ಕೆ ಸ್ವಲ್ಪ ಹೆಚ್ಚು ಸಮಯ ಕೊಡಿ. ಫಲಿತಾಂಶ ಮಾರ್ಚ್‌ನಲ್ಲಿ ಬರುತ್ತದೆ. ಸೀಟುಗಳ ಹಂಚಿಕೆ ಐಐಟಿ, ಐಐಎಸ್ಸಿಗಳ ಒಟ್ಟು ಪೋರ್ಟಲ್ ಆದ ಸಿಒಎಪಿ ಮೂಲಕ ಸಾಮಾನ್ಯವಾಗಿ ಮೇ ತಿಂಗಳಿಂದ ಸುತ್ತುಸುತ್ತಾಗಿ ನಡೆಯುತ್ತದೆ, ತರಗತಿ ಜುಲೈ ಕೊನೆಗೋ ಆಗಸ್ಟಿಗೋ ಶುರು. ಮೊದಲ ಸುತ್ತಿನಲ್ಲೇ ಬೇಕಾದ ಸೀಟು ಬಂದರೆ ‘ಆಕ್ಸೆಪ್ಟ್ ಆ್ಯಂಡ್ ಫ್ರೀಜ್’ ಒತ್ತಿ ಅದೇ ದಿನ ರಾಜೀನಾಮೆ ಕೊಡಿ. ‘ರಿಟೈನ್ ಆ್ಯಂಡ್ ವೇಟ್’ ಒತ್ತಿ ಕೊನೆಯ ಸುತ್ತಿನವರೆಗೆ ಕಾದರೆ 90 ದಿನ ಸಾಲುವುದಿಲ್ಲ. ಆದ್ದರಿಂದ ಮಾರ್ಚ್‌ನಲ್ಲಿ ರ್‍ಯಾಂಕ್ ನೋಡಿದ ಕೂಡಲೇ, ಉಳಿದ ದಿನಗಳ ಸಂಬಳ ಕಟ್ಟಿ ಬೇಗ ಬಿಡುಗಡೆಯಾಗಲು ನಿಮ್ಮ ಕಂಪನಿಯ ಒಪ್ಪಂದದಲ್ಲಿ ಅವಕಾಶವಿದೆಯೇ ಎಂದು ಎಚ್‌ಆರ್ ಹತ್ತಿರ ಕೇಳಿ, ಉತ್ತರವನ್ನು ಇಮೇಲ್‌ನಲ್ಲೇ ಪಡೆದುಕೊಳ್ಳಿ. ಬಾಯಿಮಾತಿನ ಭರವಸೆಯನ್ನು ನಂಬಿ, ರಿಲೀವಿಂಗ್ ಲೆಟರ್ ಇಲ್ಲದೆ ತರಗತಿಗೆ ಬಂದವರು ನಮ್ಮ ಬ್ಯಾಚಿನಲ್ಲೇ ಇದ್ದರು; ಪ್ಲೇಸ್‌ಮೆಂಟ್ ಸಮಯದಲ್ಲಿ ಹಳೆಯ ಕೆಲಸದ ದಾಖಲೆ ಕೇಳಿದಾಗ ಅವರು ಪಟ್ಟ ಪಾಡು ಬೇಡ.